ಹೆದ್ದಾರಿ 67ರ ಕೆಂಪು ಗಿಟಾರ್

ಈ ಸಲ ಕ್ಯಾಮೆರಾ ಮುಂದೆ ನನ್ನ ಜೊತೆ ಒಂದು ಡಬಲ್ ಬಾಸ್ ಇದೆ, ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ತಂತಿವಾದ್ಯ. ನನಗಿಂತ ಎತ್ತರ. ಗೆಳೆಯನಿಂದ ಎರಡು ವಾರಕ್ಕೆ ಕಡ ತಂದಿದ್ದೇನೆ. ಬೆರಳಿಗೆ ಬ್ಯಾಂಡೇಜ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಸನ್ನಿ ಬರ್ಜೆಸ್ ಅನ್ನೋ ಹಾಡುಗಾರ. ಹೆಸರು ಕೇಳಿಲ್ಲ ಅಲ್ವಾ? ಮೊನ್ನೆ ಮೊನ್ನೆವರೆಗೂ ನಾನೂ ಕೇಳಿರಲಿಲ್ಲ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ನ್ಯೂಪೋರ್ಟ್ ಅಂತ ಒಂದು ಊರು. ಅದರ ಹತ್ತಿರದ ರೈತರ ಮನೆಯ ಹುಡುಗ. ಅವರ ಬ್ಯಾಂಡ್ ಹೆಸರು ಪೇಸರ್ಸ್. 1956ರಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಇವರ ಮೊದಲ ರೆಕಾರ್ಡ್ ತಂದಿತು. ಎಲ್ವಿಸ್ ಪ್ರೆಸ್ಲಿ, ಜಾನಿ ಕ್ಯಾಶ್, ಕಾರ್ಲ್ ಪರ್ಕಿನ್ಸ್ ಎಲ್ಲ ಶುರು ಮಾಡಿದ್ದು ಅದೇ ಕಂಪನಿಯಲ್ಲಿ. ಅವರು ದೇಶಕ್ಕೆಲ್ಲ ಗೊತ್ತಾದರು. ಇವರಿಗೆ ಅಂಥ ಹಿಟ್ ಸಿಗಲೇ ಇಲ್ಲ.

ಆದರೆ ಸುತ್ತಮುತ್ತಲಿನ ಕ್ಲಬ್ಬುಗಳಲ್ಲಿ ಕೇಳಿ! ಕೆಂಪು ಬಣ್ಣ ಹಚ್ಚಿದ ಕೂದಲು, ಕೆಂಪು ಸೂಟು, ಕೈಯಲ್ಲಿ ಕೆಂಪು ಗಿಟಾರ್. ಹಾಡಿನ ಮಧ್ಯೆ ಬ್ಯಾಂಡಿನವರು ಒಬ್ಬರ ಮೇಲೊಬ್ಬರು ಹತ್ತಿ ಪಿರಮಿಡ್ ಕಟ್ಟುತ್ತಿದ್ದರು, ವೇದಿಕೆಯಿಂದ ಜನರ ನಡುವೆ ಹಾರುತ್ತಿದ್ದರು. ಇವರದು ರಾಕಬಿಲಿ, ಅಂದರೆ ಅಮೆರಿಕದ ಕಂಟ್ರಿ ಹಾಡಿನ ಶೈಲಿ ಬೆರೆತ ರಾಕ್ ಅಂಡ್ ರೋಲ್. ಅದಕ್ಕೆ ಟ್ರಂಪೆಟ್ ಬೇರೆ. ಅದು ಹೇಗೆ ಹೊಂದುತ್ತೆ ಅಂತ ನನಗೂ ಅನುಮಾನ ಇತ್ತು. ಹೊಂದುತ್ತೆ, ಸ್ವಲ್ಪ ಒರಟಾಗಿ. ಸೋಲಿನ ಕಥೆ ಅಂತ ಇದನ್ನು ಹೇಳುವವರಿದ್ದಾರೆ. ನನಗಂತೂ ಒಪ್ಪಿಗೆಯಿಲ್ಲ. ಒಂದೇ ಸೀಮೆಯ ಜನ ಮತ್ತೆ ಮತ್ತೆ ಬಂದು ಕುಣಿಯೋದು ಸಣ್ಣ ಮಾತಾ?

ಈಗ ಬೆರಳಿನ ವಿಷಯ. ಎಲ್ವಿಸ್ 1954ರಲ್ಲಿ ಸನ್‌ಗೆ ಮಾಡಿದ ಮೊದಲ ರೆಕಾರ್ಡಿನಲ್ಲಿ ಡ್ರಮ್ಸೇ ಇಲ್ಲ. ಬಿಲ್ ಬ್ಲ್ಯಾಕ್ ಅವರ ಬಾಸೇ ಡ್ರಮ್ಸಿನ ಕೆಲಸವನ್ನೂ ಮಾಡುತ್ತೆ. ತಂತಿಯನ್ನು ಬೆರಳಿಂದ ಕೊಕ್ಕೆ ಹಾಕಿದ ಹಾಗೆ ಎಳೆದು ಬಿಡಬೇಕು. ಅದು ವಾಪಸ್ ಬಂದು ಮರಕ್ಕೆ ಬಡಿದಾಗ ‘ಟಕ್’. ನಡುವೆ ಅಂಗೈಯಿಂದ ತಂತಿಗಳ ಮೇಲೆ ಒಂದು ಏಟು. ಟಕ್, ಟಪ್, ಟಕ್, ಟಪ್. ನೋಡೋಕೆ ಸುಲಭ. ಹತ್ತು ನಿಮಿಷಕ್ಕೆ ನನಗೆ ಬೊಬ್ಬೆ ಬಂತು, ಹದಿನೈದಕ್ಕೆ ಅದು ಒಡೆಯಿತು. ಪೇಸರ್ಸ್‌ನ ಬಾಸ್ ವಾದಕ ಹೀಗೆ ಬಾರಿಸುತ್ತಾ ಕುಣಿಯುತ್ತಲೂ ಇದ್ದರಂತೆ. ನನಗೆ ನಿಂತಲ್ಲೇ ಉಸಿರು ಸಿಕ್ಕಲ್ಲ.

ಬರ್ಜೆಸ್ ಆಮೇಲೆ ಊರೂರು ತಿರುಗುವ ಸೇಲ್ಸ್‌ಮನ್ ಆದರು. ವಯಸ್ಸಾದ ಮೇಲೆ ಪೇಸರ್ಸ್ ಮತ್ತೆ ಒಟ್ಟಾದರು, ಅದೇ ಜನರ ಮುಂದೆ ಬಾರಿಸಿದರು. ಅವರು ನುಡಿಸುತ್ತಿದ್ದ ಕ್ಲಬ್ಬುಗಳಿದ್ದ ಹೆದ್ದಾರಿ 67ರ ಒಂದು ಭಾಗಕ್ಕೆ 2009ರಲ್ಲಿ ‘ರಾಕ್ ಅಂಡ್ ರೋಲ್ ಹೆದ್ದಾರಿ’ ಅಂತ ಹೆಸರೂ ಬಂತು. ಬರ್ಜೆಸ್ ತೀರಿಕೊಂಡಿದ್ದು 2017ರಲ್ಲಿ, 88ನೇ ವಯಸ್ಸಿಗೆ.

ಸರಿ, ಬ್ಯಾಂಡೇಜ್ ಬದಲಾಯಿಸಿದ್ದೇನೆ. ಇನ್ನೊಂದು ಸಲ ನೋಡೋಣ. ಟಕ್, ಟಪ್, ಟಕ್... ಕೇಳಿಸ್ತಾ? ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದಾರೆ. ಅವರ ತಾಳವೇ ನನ್ನದಕ್ಕಿಂತ ಚೆನ್ನಾಗಿದೆ.