ಮೊದಲು ಮಣ್ಣು ಮುಟ್ಟಿ ನೋಡಿ

ನಮಸ್ಕಾರ. ಬೆಂಗಳೂರಿನ ಬೇಸಿಗೆ ಮುಗಿಯುತ್ತಾ ಬಂತು. ಏಪ್ರಿಲ್‌ನ ಆ ಉರಿ ಈಗಿಲ್ಲ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುತ್ತೆ, ಒಂದೊಂದು ದಿನ ಗುಡುಗಿ ಹತ್ತು ನಿಮಿಷ ಹೊಯ್ದು ನಿಂತುಬಿಡುತ್ತೆ. ಮನೆಯಲ್ಲಿ ನಾಲ್ಕು ಹೂಕುಂಡ ಇಟ್ಟುಕೊಂಡವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿ ಮತ್ತು ಆಗಸ್ಟ್‌ನಲ್ಲಿ, ಹಾಗಾಗಿ ತುಂಬಾ ಜನ ಹೂವಿನ ಕಾಲ ಅಂದರೆ ಅದೇ ಅಂದುಕೊಂಡಿದ್ದಾರೆ. ಆದರೆ ದುಂಡು ಮಲ್ಲಿಗೆ ಬಿಡುವುದು ಈಗ. ಬ್ರಹ್ಮಕಮಲ ಮೊಗ್ಗು ಹಾಕುವುದು ಈಗ. ಮೇ ಫ್ಲವರ್ ಅಂತ ಹೆಸರೇ ಇಟ್ಟುಕೊಂಡ ಹೂ ಮಣ್ಣಿನಿಂದ ಎದ್ದು ಬರುವುದೂ ಈಗ.

ನಿಮ್ಮಲ್ಲಿ ಕೆಲವರಿಗೆ ದೊಡ್ಡ ತಾರಸಿ ಇರಬಹುದು. ಕೆಲವರಿಗೆ ಬಾಡಿಗೆ ಮನೆಯ ಕಿಟಕಿ ಗ್ರಿಲ್‌ನಲ್ಲಿ ಇಟ್ಟ ಒಂದೇ ಕುಂಡ ಇರಬಹುದು. ಇಬ್ಬರಿಗೂ ನಾನು ಹೇಳುವ ಮಾತು ಒಂದೇ. ಬೆಳಗ್ಗೆ ಎದ್ದು ಕಾಫಿ ಲೋಟ ಹಿಡಿದು ಗಿಡದ ಹತ್ತಿರ ಹೋಗಿ, ಮಣ್ಣಿಗೆ ಬೆರಳು ಹಾಕಿ ನೋಡಿ. ಮೇಲೆ ಮೇಲೆ ಸವರಿದರೆ ಸಾಲದು, ಬೆರಳಿನ ಎರಡು ಗೆಣ್ಣು ಒಳಗೆ ಹೋಗಬೇಕು. ಒಳಗೆ ತಂಪಾಗಿದ್ದು ಮಣ್ಣು ಬೆರಳಿಗೆ ಅಂಟಿದರೆ ನೀರು ಬೇಡ. ಒಣಗಿ ಉದುರಿದರೆ ಕುಂಡದ ತಳದಿಂದ ನೀರು ಹೊರಗೆ ಬರುವವರೆಗೆ ಹಾಕಿ. ಅಷ್ಟೇ.

ಇಷ್ಟು ಹೇಳಿದ ಕೂಡಲೇ ಜನ ಕೇಳುತ್ತಾರೆ, "ಮೇಡಂ, ದಿನಕ್ಕೆ ಎಷ್ಟು ಲೀಟರ್?" ಲೀಟರ್ ಲೆಕ್ಕ ನನ್ನ ಹತ್ತಿರ ಇಲ್ಲ, ದಯವಿಟ್ಟು ಕೇಳಬೇಡಿ. ನಿಮ್ಮ ಕುಂಡ ಮಣ್ಣಿನದೋ ಪ್ಲಾಸ್ಟಿಕ್‌ನದೋ, ಬಿಸಿಲು ಎಷ್ಟು ಹೊತ್ತು ಬೀಳುತ್ತೆ, ಕೆಳಗೆ ಕಾಯುವ ಸಿಮೆಂಟ್ ನೆಲ ಇದೆಯೋ ಇಲ್ಲವೋ, ಅದೆಲ್ಲ ನಿಮ್ಮ ಬೆರಳಿಗೆ ಗೊತ್ತಾಗುತ್ತೆ, ಫೋನಿನಲ್ಲಿ ನನಗೆ ಗೊತ್ತಾಗಲ್ಲ. ಅದರಲ್ಲೂ ಈ ತಿಂಗಳು ಕಣ್ಣನ್ನು ನಂಬಲೇಬೇಡಿ. ಸಂಜೆ ಹತ್ತು ನಿಮಿಷ ಮಳೆ ಬಂದಿರುತ್ತೆ, ಕುಂಡದ ಮೇಲೆಲ್ಲ ಒದ್ದೆ, ನೀವು ಖುಷಿಯಾಗಿ ಒಳಗೆ ಹೋಗಿಬಿಡುತ್ತೀರಿ. ಬೆರಳು ಹಾಕಿದರೆ ಒಂದಂಗುಲದ ಕೆಳಗೆ ಮಣ್ಣು ಒಣ ಪುಡಿ. ಇನ್ನು ಕೆಲವು ಕಡೆ ಉಲ್ಟಾ. ಮೇಲೆ ಬಿರುಕು ಬಿಟ್ಟಿರುತ್ತೆ, ಕೆಳಗೆ ಕೆಸರು. ಬೇರಿಗೆ ಗಾಳಿಯೂ ಬೇಕು. ಕೆಸರಿನಲ್ಲಿ ಬೇರು ಕೊಳೆಯುತ್ತೆ, ಬೇರು ಕೊಳೆತರೆ ಎಲೆ ಬಾಡುತ್ತೆ, ಎಲೆ ಬಾಡಿತು ಅಂತ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಬೇಸಿಗೆಯಲ್ಲಿ ನೀರಿಲ್ಲದೆ ಹಾಳಾದ ಕುಂಡಗಳನ್ನು ನೋಡಿದ್ದೇನೆ, ನೀರು ಜಾಸ್ತಿಯಾಗಿ ಹಾಳಾದ ಕುಂಡಗಳನ್ನೂ ಅಷ್ಟೇ ನೋಡಿದ್ದೇನೆ.

ಒಂದು ಮನೆಯ ಕಥೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಬಸವನಗುಡಿ ಕಡೆ ಒಂದು ಮನೆ. ಮನೆಯ ಹುಡುಗ ಸಾಫ್ಟ್‌ವೇರ್ ಕೆಲಸದವನು, ಗಿಡ ಅಂದರೆ ಪ್ರಾಣ. ತಾರಸಿ ತುಂಬ ಕುಂಡ, ಪ್ರತಿ ಕುಂಡಕ್ಕೂ ಸಣ್ಣ ಪೈಪು, ನಲ್ಲಿಗೆ ಟೈಮರ್. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತಾನಾಗಿಯೇ ನೀರು ಬರುತ್ತೆ. ಮಲ್ಲಿಗೆ ಬಳ್ಳಿ ಆಳೆತ್ತರ ಬೆಳೆದಿದೆ, ಎಲೆ ದಟ್ಟವಾಗಿ ಹಸಿರಾಗಿದೆ, ಆದರೆ ಎರಡು ವರ್ಷದಿಂದ ಹೂವೇ ಇಲ್ಲ. ಯಾವ ಗೊಬ್ಬರ ಹಾಕಬೇಕು ಬಂದು ಹೇಳಿ ಅಂತ ನನ್ನನ್ನು ಕರೆದರು. ಸಂಕ್ರಾಂತಿ ಮುಗಿದು ಸ್ವಲ್ಪ ದಿನ ಆಗಿತ್ತು. ನಾನು ಹೋಗುವಷ್ಟರಲ್ಲಿ ಕುಣಿಗಲ್ ಕಡೆಯಿಂದ ಆ ಹುಡುಗನ ಅಜ್ಜಿ ಬಂದಿದ್ದರು. ನಾನು ಇನ್ನೂ ಎಲೆ ತಿರುಗಿಸಿ ನೋಡುತ್ತಿದ್ದೇನೆ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕುಂಡದ ಮುಂದೆ ಕೂತು ಬೆರಳು ಒತ್ತಿಯೇಬಿಟ್ಟರು.

"ಏನೋ ಮಗಾ, ಇದಕ್ಕೆ ಬಾಯಾರಿಕೆ ಆಗೋಕೇ ಬಿಟ್ಟಿಲ್ಲವಲ್ಲೋ ನೀನು!"

"ಅಜ್ಜಿ, ಟೈಮರ್ ಇದೆ. ಎಲ್ಲಾ ಅದೇ ನೋಡಿಕೊಳ್ಳುತ್ತೆ."

"ಅದಕ್ಕೆ ಕಣ್ಣಿದೆಯೇನೋ?"

ಹುಡುಗ ಸುಮ್ಮನಾದ. ಅಜ್ಜಿ ಮಲ್ಲಿಗೆ ಕುಂಡದ ಪೈಪು ಕೀಳಿಸಿದರು. ಎಲೆ ಸ್ವಲ್ಪ ಬಾಡಿದ ಹಾಗೆ ಕಾಣುವವರೆಗೆ ಒಂದು ತೊಟ್ಟು ನೀರು ಹಾಕಬೇಡ ಅಂದರು. ಎಲೆ ಬಾಡಿದ ಮೇಲೆ ಕತ್ತರಿ ತರಿಸಿ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರು, ಉಳಿದ ಎಲೆಯನ್ನೂ ಕೈಯಿಂದ ಸವರಿ ತೆಗೆದುಬಿಟ್ಟರು. ಸೊಸೆ ಪಕ್ಕದಲ್ಲೇ ನಿಂತು "ಅತ್ತೇ, ಗಿಡ ಸತ್ತೇ ಹೋಗುತ್ತೆ" ಅಂತ ಒದ್ದಾಡುತ್ತಿದ್ದಾರೆ. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಲಿನ ಮಣ್ಣು ಕೆದಕಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಒಂದು ಸಲ ತುಂಬಾ ನೀರು ಕೊಟ್ಟರು. ಅಲ್ಲಿಂದ ಮುಂದೆ ಬೆರಳು ಹೇಳಿದ ದಿನ ಮಾತ್ರ ನೀರು.

ಮಲ್ಲಿಗೆ ಬೆಳೆಯುವ ರೈತರು ಮಾಡುವುದೂ ಇದನ್ನೇ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ನೀರು ತಡೆದು ಗಿಡಕ್ಕೆ ಸ್ವಲ್ಪ ವಿಶ್ರಾಂತಿ ಕೊಟ್ಟು ಕತ್ತರಿಸಿದರೆ ಎಲ್ಲ ಕಡೆಯಿಂದ ಚಿಗುರುತ್ತೆ, ಚಿಗುರಿದ ಕಡೆಯೆಲ್ಲ ಮೊಗ್ಗು. ಸುಮ್ನೆ ಎರಡು ಹೊತ್ತೂ ನೀರು ಕುಡಿಯುತ್ತಾ ಕೂತ ಬಳ್ಳಿಗೆ ಹೂ ಬಿಡುವ ಅವಸರವೇ ಇರಲ್ಲ.

ಕರಗದ ಹೊತ್ತಿಗೆ ನನ್ನನ್ನು ಮತ್ತೆ ಕರೆದರು. ನಮ್ಮ ಬೆಂಗಳೂರು ಕರಗ ಹೊರಡುವುದು ಚೈತ್ರ ಹುಣ್ಣಿಮೆಯ ರಾತ್ರಿ, ಧರ್ಮರಾಯಸ್ವಾಮಿ ದೇವಸ್ಥಾನದಿಂದ, ಮಲ್ಲಿಗೆಯಿಂದಲೇ ಅಲಂಕಾರವಾಗಿ. ಅದನ್ನು ನಡೆಸಿಕೊಂಡು ಬಂದ ತಿಗಳರು ಹೂವು, ತರಕಾರಿ ಬೆಳೆದು ಈ ಊರಿಗೆ ಕೊಟ್ಟ ಜನ. ಮಲ್ಲಿಗೆಯ ಕಾಲ ಯಾವಾಗ ಶುರುವಾಗುತ್ತೆ ಅಂತ ಈ ಊರಿಗೆ ಬೇರೆ ಕ್ಯಾಲೆಂಡರ್ ಬೇಕಿಲ್ಲ. ಆ ತಾರಸಿಗೆ ಹತ್ತಿದೆ, ಬಳ್ಳಿಯ ತುದಿ ತುದಿಯಲ್ಲೂ ಮೊಗ್ಗು! ಅಜ್ಜಿ ನನ್ನನ್ನು ಬಗ್ಗಿಸಿ ತೋರಿಸಿದರು. ಮೂರು ಮೂರು ಮೊಗ್ಗು ಜೊತೆಗೆ ಇರುತ್ತೆ, ಮಧ್ಯದ್ದು ದೊಡ್ಡದು, ಪಕ್ಕದ ಎರಡು ಇನ್ನೂ ಹಸಿರು ಕಾಳಿನಷ್ಟು. ಮೊದಲು ಅರಳುವುದು ಮಧ್ಯದ್ದು. ಅದನ್ನು ಬಿಡಿಸುವಾಗ ಉಗುರು ತಾಗಿ ಪಕ್ಕದವು ಉದುರಬಾರದು. "ಹೀಗೆ ಹಿಡ್ಕೋ ತಾಯಿ" ಅಂತ ನನ್ನ ಬೆರಳು ಹಿಡಿದು ಬಿಡಿಸಿದರು. ನಾಲ್ಕು ಗಂಟೆಗೆ ಬಿಡಿಸಿದ ಮೊಗ್ಗು, ಬಾಳೆನಾರು ನೆನೆಸಿಟ್ಟು ಆರಕ್ಕೆ ಕಟ್ಟಿ ಮುಗಿಸಿದರು, ದೀಪ ಹಚ್ಚುವ ಹೊತ್ತಿಗೆ ಮಾಲೆಯಲ್ಲೇ ಒಂದೊಂದಾಗಿ ಬಿರಿಯಿತು. ಮನೆಯೆಲ್ಲ ಘಮ. ಮಾರ್ಕೆಟ್‌ನಲ್ಲಿ ಮೊಳ ಲೆಕ್ಕದಲ್ಲಿ ಹೂ ಸಿಗುತ್ತೆ, ನಿಜ, ಆದರೆ ಆ ಸಂಜೆ ಅಲ್ಲಿ ಸಿಗಲ್ಲ. ಹುಡುಗ ಈಗ ಆಫೀಸಿಗೆ ಹೊರಡುವ ಮುಂಚೆ ಪ್ರತಿ ಕುಂಡಕ್ಕೂ ಬೆರಳು ಹಾಕಿ ನೋಡುತ್ತಾನೆ. ಟೈಮರ್ ಹಾಕುವುದು ಅವನು ಊರಿಗೆ ಹೋದಾಗ ಮಾತ್ರ.

ಈಗ ಮೇ ತಿಂಗಳು. ನಿಮ್ಮ ಮಲ್ಲಿಗೆ ಒಂದು ಸುತ್ತು ಬಿಟ್ಟಿದ್ದರೆ, ಹೂ ಮುಗಿದ ತುದಿಯನ್ನು ಎರಡು ಜೊತೆ ಎಲೆಯಷ್ಟು ಕೆಳಗೆ ಚಿವುಟಿ. ಇನ್ನೊಂದು ಸುತ್ತು ಬರುತ್ತೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬ್ರಹ್ಮಕಮಲ ಅಂತ ನಾವು ಬೆಳೆಸುವುದು ಕಳ್ಳಿ ಜಾತಿಯ ಗಿಡ, ಅದಕ್ಕೆ ನೀರು ಕಡಿಮೆ ಸಾಕು. ಇಲ್ಲೂ ಬೆರಳು ಹಾಕಿ ನೋಡಿ. ಕೆಳಗೆ ಜೋತುಬಿದ್ದ ಮೊಗ್ಗು ಕತ್ತು ಮೇಲೆತ್ತಿ ಉಬ್ಬಿಕೊಂಡರೆ ಅರಳುವ ರಾತ್ರಿ ಹತ್ತಿರ ಬಂತು ಅಂತ ಅರ್ಥ. ಅವತ್ತು ಬೇಗ ಮಲಗಬೇಡಿ, ಪಕ್ಕದ ಮನೆಯವರನ್ನೂ ಕರೆಯಿರಿ, ಬೆಳಗಾಗುವಷ್ಟರಲ್ಲಿ ಬಾಡಿರುತ್ತೆ. ಮೇ ಫ್ಲವರ್‌ನದು ಗೆಡ್ಡೆ. ಚಳಿಗಾಲದಲ್ಲಿ ಎಲೆಯೆಲ್ಲ ಹೋಗಿ ಖಾಲಿ ಕುಂಡದ ಹಾಗೆ ಕಾಣುತ್ತೆ, ಯಾರೋ ಅದನ್ನು ಎಸೆದುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತೆ. ಎಸೆಯಬೇಡಿ! ಒಂದೆರಡು ಮಳೆ ಬಿದ್ದರೆ ಕೆಂಪು ಚೆಂಡು ಎದ್ದು ನಿಲ್ಲುತ್ತೆ.

ಕನಕಾಂಬರದ ಒಣಗಿದ ತೆನೆ ಗಿಡದಲ್ಲೇ ಇದ್ದರೆ ಬಿಡಿ, ಒಂದು ಮಜಾ ಇದೆ. ಮಳೆ ಹನಿ ಬಿದ್ದರೆ ಅದು ಪಟ್ ಪಟ್ ಅಂತ ಸಿಡಿದು ಬೀಜ ಹಾರಿಸುತ್ತೆ. ಮಕ್ಕಳಿದ್ದರೆ ಒಂದು ತೆನೆ ಮುರಿದು ಬಟ್ಟಲು ನೀರಿಗೆ ಹಾಕಿ ತೋರಿಸಿ, ಬೇಸಿಗೆ ರಜೆಯಲ್ಲಿ ಮೊಬೈಲ್ ಕೆಳಗಿಟ್ಟು ಬರುತ್ತಾರೆ. ದಾಸವಾಳದ ತುದಿಯಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಅದು ಹಿಟ್ಟು ತಿಗಣೆ. ಜೋರಾಗಿ ನೀರು ಚಿಮುಕಿಸಿ ತೊಳೆಯಿರಿ, ಆಮೇಲೆ ಬೇವಿನ ಎಣ್ಣೆಗೆ ಚೂರು ಸೋಪು ಸೇರಿಸಿ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ದಿನಾ ಬೆಳಗ್ಗೆ ಮಣ್ಣು ಮುಟ್ಟಲು ಹೋಗುವವರ ಕಣ್ಣಿಗೆ ಇದು ಮೊದಲ ದಿನವೇ ಬೀಳುತ್ತೆ. ವಾರಕ್ಕೊಮ್ಮೆ ಹೋಗುವವರಿಗೆ ಇಡೀ ಗಿಡ ಬೆಳ್ಳಗಾದ ಮೇಲೆ.

ನೀರಿನ ಮಾತು ಹೇಳಲೇಬೇಕು. 2024ರ ಬೇಸಿಗೆ ನೆನಪಿದೆ ಅಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಮೇಲೇರಿ ನಮ್ಮ ನಲ್ಲಿಗೆ ಬರುತ್ತೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು ಒಂದು ಬಕೆಟ್‌ನಲ್ಲಿ ಹಿಡಿದಿಡಿ, ಅವತ್ತೇ ಹಾಕಿಬಿಡಿ. ಮಣ್ಣಿನ ಮೇಲೆ ಒಣಗಿದ ಎಲೆಯೋ ತೆಂಗಿನ ನಾರೋ ಹೊದಿಸಿ. ಬೆರಳು ಹಾಕಿ ನೋಡಿ ನೀರು ಹಾಕಿದರೆ ಎಷ್ಟೋ ನೀರು ಉಳಿಯುತ್ತೆ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ ಈಗಲೇ ಎದ್ದು ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನ ಅಂಚಿನಲ್ಲೇ, ಮಳೆಗಾಲ ಬಾಗಿಲಿಗೆ ಬಂದಿದೆ.

ಮನೆಯಲ್ಲಿ ಇನ್ನೂ ಒಂದು ಗಿಡವೂ ಇಲ್ಲದವರು ಈ ಭಾನುವಾರ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳ ಕಡೆ ಹೋಗಿ ಒಂದು ದುಂಡು ಮಲ್ಲಿಗೆ ತನ್ನಿ, ಮೊಗ್ಗು ಇರುವ ಗಿಡವನ್ನೇ ಆರಿಸಿ. ಇದ್ದವರು ಜೂನ್ ಮಳೆ ಹಿಡಿದ ಮೇಲೆ ಮಲ್ಲಿಗೆಯಿಂದ ಕತ್ತರಿಸಿದ ಕಡ್ಡಿಗಳಲ್ಲಿ ಪೆನ್ಸಿಲ್‌ಗಿಂತ ಸ್ವಲ್ಪ ಸಣ್ಣಗಿರುವುದನ್ನು ಆರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ನೆಟ್ಟು ನೆರಳಲ್ಲಿಡಿ. ಬೇರು ಬಿಟ್ಟ ಮೇಲೆ ಕೆಳಗಿನ ಮನೆಯವರಿಗೆ ಒಂದು, ಎದುರು ಮನೆಯವರಿಗೆ ಒಂದು ಕೊಡಿ. ಕೊಡುವಾಗ ನೀರು ಹಾಕುವುದು ಹೇಗೆ ಅಂತಲೂ ಹೇಳಿಕೊಡಿ, ಬರೀ ಗಿಡ ಕೊಟ್ಟು ಕಳಿಸಬೇಡಿ. ನಮಸ್ಕಾರ.