ಗೆದ್ದವರಿಗೆ ಬೇಡವಾದ ಚಿತ್ರಗಳು: ವಸೀಲಿ ವೆರೆಶ್ಚಾಗಿನ್

[ಪರದೆಯ ಮೇಲೆ: ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್, ಜೈಪುರದ ಮೆರವಣಿಗೆಯ ಚಿತ್ರ]

ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ಗೆ ಹೋಗಿಬಂದವರಿಗೆ ಅಲ್ಲಿ ಗೋಡೆ ತುಂಬ ಹರಡಿಕೊಂಡಿರುವ ಒಂದು ತೈಲವರ್ಣ ಚಿತ್ರ ನೆನಪಿರಬಹುದು. ಅದರ ಎತ್ತರ ಸುಮಾರು 5 ಮೀಟರ್, ಅಗಲ ಸುಮಾರು 7 ಮೀಟರ್. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ವೇಲ್ಸ್ ರಾಜಕುಮಾರನು 1876ರಲ್ಲಿ ಆನೆಯ ಮೇಲೆ ಕುಳಿತು ಜೈಪುರದಲ್ಲಿ ಮೆರವಣಿಗೆ ಹೊರಟ ದೃಶ್ಯ ಅದರಲ್ಲಿದೆ. ಮೊದಲ ನೋಟಕ್ಕೆ ಅದು ಬ್ರಿಟಿಷ್ ವೈಭವದ ಗುಣಗಾನದಂತೆಯೇ ಕಾಣುತ್ತದೆ. ಆದರೆ ಅದನ್ನು ಬರೆದವನು ಇಂಗ್ಲಿಷಿನವನಲ್ಲ, ರಷ್ಯದವನು. ಭಾರತೀಯರನ್ನು ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸುವ ದೃಶ್ಯವನ್ನು ಚಿತ್ರಿಸಿ, ಲಂಡನ್ನಿನಲ್ಲಿಯೇ ತೂಗುಹಾಕಿ, ಆಂಗ್ಲರ ಸಿಟ್ಟಿಗೆ ಗುರಿಯಾದವನೂ ಅವನೇ.

ಅವನ ಹೆಸರು ವಸೀಲಿ ವೆರೆಶ್ಚಾಗಿನ್. 1842ರಲ್ಲಿ ರಷ್ಯದ ಚೆರೆಪೊವೆತ್ಸ್ ಪಟ್ಟಣದ ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಅವನನ್ನು ತಂದೆತಾಯಿ ಸೇಂಟ್ ಪೀಟರ್ಸ್‌ಬರ್ಗಿನ ನೌಕಾ ಶಾಲೆಗೆ ಸೇರಿಸಿದರು. ತನ್ನ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ ಹುಡುಗ, ಮನೆಯವರಿಗೆ ಇಷ್ಟವಿಲ್ಲದಿದ್ದರೂ ನೌಕಾಪಡೆಯನ್ನು ಬಿಟ್ಟು ಚಿತ್ರಕಲೆಯ ಅಕಾಡೆಮಿಗೆ ಸೇರಿದನು. ಅಲ್ಲಿ ಕಲಿಸುತ್ತಿದ್ದುದು ಗ್ರೀಕ್ ಪುರಾಣದ ವೀರರನ್ನು ಬರೆಯುವ ವಿದ್ಯೆ. ಯುಲಿಸೀಸನ ಕಥೆಯನ್ನು ಆಧರಿಸಿದ ಚಿತ್ರಕ್ಕೆ ಪದಕ ಬಂದಿದ್ದರೂ, ಕಣ್ಣಿನಿಂದ ಕಾಣದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲವೆಂದು ಅವನಿಗೆ ಅನ್ನಿಸಿರಬೇಕು. ಆ ಚಿತ್ರವನ್ನು ಅವನು ಸುಟ್ಟುಹಾಕಿದನು. ತನ್ನ ಚಿತ್ರವನ್ನು ತಾನೇ ಸುಡುವ ಕೆಲಸ ಅಲ್ಲಿಗೇ ಮುಗಿಯಲಿಲ್ಲ.

ಪ್ಯಾರಿಸ್ಸಿನಲ್ಲಿ ಜೆರೋಮ್ ಎಂಬ ಪ್ರಸಿದ್ಧ ಚಿತ್ರಕಾರನ ಬಳಿ ಕೆಲಕಾಲ ಕಲಿತ ಮೇಲೆ, 1867ರಲ್ಲಿ ವೆರೆಶ್ಚಾಗಿನ್ ಮಧ್ಯ ಏಷ್ಯದ ತುರ್ಕಿಸ್ತಾನಕ್ಕೆ ಹೊರಟನು. ಅಲ್ಲಿನ ಖಾನರ ರಾಜ್ಯಗಳನ್ನು ರಷ್ಯದ ಸೇನೆ ಒಂದೊಂದಾಗಿ ವಶಪಡಿಸಿಕೊಳ್ಳುತ್ತಿದ್ದ ಕಾಲ ಅದು. ಜನರಲ್ ಕೌಫ್ಮನ್ನನ ಜೊತೆಗಿದ್ದು ಚಿತ್ರ ಬರೆಯುವುದು ಅವನ ಕೆಲಸವಾಗಿತ್ತು. ಆದರೆ 1868ರ ಜೂನ್‌ನಲ್ಲಿ ಮುಖ್ಯ ಸೇನೆ ಮುಂದೆ ಸಾಗಿದ್ದಾಗ ಸಮರ್ಖಂಡದ ಕೋಟೆಯಲ್ಲಿ ಉಳಿದಿದ್ದ ಸಣ್ಣ ತುಕಡಿಯನ್ನು ಸಾವಿರಾರು ಜನ ಮುತ್ತಿದರು, ಚಿತ್ರಕಾರನೂ ಕೋವಿ ಹಿಡಿದು ಕೋಟೆಯ ಗೋಡೆಯ ಮೇಲೆ ನಿಂತನು. ಆ ಹೋರಾಟಕ್ಕಾಗಿ ಅವನಿಗೆ ಸೇಂಟ್ ಜಾರ್ಜ್ ಶಿಲುಬೆಯ ಶೌರ್ಯಪದಕ ದೊರೆಯಿತು. ಈ ಸಂಗತಿಯನ್ನು ಮರೆತು ಅವನನ್ನು ಬರಿಯ ಶಾಂತಿದೂತನೆಂದು ಕರೆದರೆ ತಪ್ಪಾಗುತ್ತದೆ. ಅವನು ದಂಡೆತ್ತಿ ಹೋದವರ ಪಕ್ಷದಲ್ಲಿದ್ದವನು, ಅವರ ಅನ್ನ ಉಂಡವನು, ಅವರ ಪರವಾಗಿ ಹೋರಾಡಿದವನು. ಯುದ್ಧ ಹೇಗಿರುತ್ತದೆಂದು ಅವನಿಗೆ ಗೊತ್ತಿದ್ದುದು ಹಾಗೆ.

[ಪರದೆಯ ಮೇಲೆ: "ಯುದ್ಧದ ಮಹಿಮೆ", 1871]

ಅಲ್ಲಿಂದ ಹಿಂದಿರುಗಿ ಮ್ಯೂನಿಕ್ ನಗರದಲ್ಲಿ ಕುಳಿತು ಬರೆದ ಚಿತ್ರಮಾಲೆಯಲ್ಲಿ ಅತ್ಯಂತ ಹೆಸರಾದದ್ದು ಈಗ ಪರದೆಯ ಮೇಲಿದೆ. ಸುಟ್ಟ ಹುಲ್ಲುಗಾವಲಿನ ನಡುವೆ ತಲೆಬುರುಡೆಗಳ ರಾಶಿ, ಅದರ ಮೇಲೆ ಕಾಗೆಗಳು, ಹಿಂದೆ ಎಲೆ ಕಳೆದುಕೊಂಡ ಮರಗಳು ಮತ್ತು ಪಾಳುಬಿದ್ದ ಊರು. ಒಂದು ಕ್ಷಣ ಕಾಗೆಗಳನ್ನು ಬಿಟ್ಟು ಆಕಾಶವನ್ನು ನೋಡಿ: ಅದು ಯಾವ ದುಃಖವೂ ಇಲ್ಲದ ಶುಭ್ರ ನೀಲಿ. ಇನ್ನೊಬ್ಬ ಚಿತ್ರಕಾರನಾಗಿದ್ದರೆ ಅಲ್ಲಿ ಕಪ್ಪು ಮೋಡಗಳನ್ನು ಕವಿಸುತ್ತಿದ್ದನೇನೋ. ಬುರುಡೆಗಳಲ್ಲಿ ಕತ್ತಿಯ ಏಟಿನ ಗುರುತೂ ಇದೆ, ಗುಂಡು ತೂರಿದ ತೂತೂ ಇದೆ. ಸೋತವರ ತಲೆಗಳಿಂದ ಗೋಪುರ ಕಟ್ಟಿಸಿದನೆಂಬ ತೈಮೂರನ ಕಥೆಯಿಂದ ಹುಟ್ಟಿದ ಚಿತ್ರವಾದರೂ, ಗುಂಡಿನ ತೂತುಗಳು ಅದನ್ನು ತೈಮೂರನ ಕಾಲಕ್ಕೆ ಸೀಮಿತವಾಗಲು ಬಿಡುವುದಿಲ್ಲ. ಚೌಕಟ್ಟಿನ ಮೇಲೆ ಅವನು ಬರೆಸಿದ ಅರ್ಪಣೆ ಇನ್ನೂ ನೇರವಾಗಿದೆ: ಹಿಂದಿನ, ಇಂದಿನ ಮತ್ತು ಮುಂದಿನ ಎಲ್ಲ ಮಹಾನ್ ವಿಜೇತರಿಗೆ.

ಈ ಚಿತ್ರಗಳು 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರದರ್ಶನಗೊಂಡಾಗ ವಿಜೇತರಿಗೆ ಕೋಪ ಬಂದುದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಹೆಚ್ಚು ಚುಚ್ಚಿದ್ದು ಬುರುಡೆಗಳ ರಾಶಿಗಿಂತ "ಮರೆತುಹೋದವನು" ಎಂಬ ಚಿತ್ರ. ಬಯಲಿನಲ್ಲಿ ಒಬ್ಬ ರಷ್ಯನ್ ಸೈನಿಕ ಸತ್ತು ಬಿದ್ದಿದ್ದಾನೆ, ಅವನನ್ನು ಹೂಳುವವರು ಯಾರೂ ಇಲ್ಲ, ಹಕ್ಕಿಗಳು ಬಂದಿವೆ. ತನ್ನ ಸೇನೆ ಸತ್ತವರನ್ನು ಎಂದೂ ಹೀಗೆ ಬಿಟ್ಟುಬಂದಿಲ್ಲವೆಂದು ಕೌಫ್ಮನ್ ಎಲ್ಲರ ಎದುರಿಗೆ ಅವನನ್ನು ಆಕ್ಷೇಪಿಸಿದನು. ವೆರೆಶ್ಚಾಗಿನ್ ಆ ಚಿತ್ರವನ್ನೂ ಇನ್ನೆರಡನ್ನೂ ಸುಟ್ಟನು. ಅಪಮಾನವೋ ಹಠವೋ, ಎರಡೂ ಸೇರಿದ್ದಿರಬೇಕು. ಸುಟ್ಟ ಚಿತ್ರ ಮಾತ್ರ ಪೂರ್ತಿ ಬೂದಿಯಾಗಲಿಲ್ಲ. ಸಂಗೀತಗಾರ ಮುಸ್ಸೋರ್ಗ್‌ಸ್ಕಿ ಅದೇ ಹೆಸರಿನ ಹಾಡೊಂದನ್ನು ರಚಿಸಿದನು. ಉಳಿದ ಚಿತ್ರಗಳನ್ನು ಮಾಸ್ಕೋದ ವ್ಯಾಪಾರಿ ಪಾವೆಲ್ ತ್ರೆತ್ಯಕೋವ್ ಕೊಂಡುಕೊಂಡನು, ಅವನ ಹೆಸರಿನ ಚಿತ್ರಶಾಲೆಯಲ್ಲಿ ಬುರುಡೆಗಳ ರಾಶಿಯನ್ನು ಇಂದೂ ನೋಡಬಹುದು. ಅದೇ ವರ್ಷ ಅಕಾಡೆಮಿಯು ಪ್ರಾಧ್ಯಾಪಕ ಪದವಿಯನ್ನು ಕೊಟ್ಟಾಗ, ಕಲೆಯಲ್ಲಿ ಪದವಿ ಬಿರುದುಗಳು ಹಾನಿಕರವೆಂದು ಬಹಿರಂಗವಾಗಿ ಬರೆದು ಅವನು ಅದನ್ನು ನಿರಾಕರಿಸಿದನು. ಊರೂರಿಗೆ ಚಿತ್ರಗಳನ್ನು ಒಯ್ದು ತೋರಿಸುತ್ತಿದ್ದ ಸಮಕಾಲೀನ ವಾಸ್ತವವಾದಿಗಳ ಸಂಘಕ್ಕೂ ಅವನು ಸೇರಲಿಲ್ಲ.

ಆ ಗದ್ದಲದ ಹೊತ್ತಿಗೆ ಅವನು ಭಾರತದ ದಾರಿ ಹಿಡಿದಾಗಿತ್ತು. ಪತ್ನಿ ಎಲಿಜಬೆತ್‌ಳೊಂದಿಗೆ 1874ರಿಂದ 1876ರವರೆಗೆ ಆಗ್ರಾ, ದೆಹಲಿ, ಜೈಪುರ, ಸಿಕ್ಕಿಂ, ಲಡಾಖ್‌ಗಳನ್ನು ಸುತ್ತಿದನು. ಚಳಿಗಾಲದಲ್ಲಿ ಕಾಂಚನಜುಂಗಾದ ಕಡೆಗೆ ಹತ್ತಲು ಹೋಗಿ ಹಿಮದಲ್ಲಿ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾದನು. ರಷ್ಯದ ಗೂಢಚಾರನಿರಬಹುದೆಂಬ ಸಂಶಯ ಬ್ರಿಟಿಷ್ ಅಧಿಕಾರಿಗಳಿಗಿತ್ತು. ಅವನು ಬರೆದ ತಾಜಮಹಲಿನಲ್ಲಿ ಪ್ರೇಮಕಥೆಯ ಬೆಳದಿಂಗಳಿಲ್ಲ, ಹಗಲಿನ ಬೆಳಕಿದೆ. ಅಮೃತಶಿಲೆಯ ಮೇಲೆ ಬಿದ್ದ ಬಿಸಿಲು, ಕೆಳಗೆ ಯಮುನೆಯ ನೀರಿನಲ್ಲಿ ಅದರ ನೆರಳು.

ಬ್ರಿಟಿಷರು ಭಾರತಕ್ಕೆ ಹೇಗೆ ಬಂದರು, ಹೇಗೆ ಒಡೆಯರಾದರು ಎಂಬುದನ್ನು ದೃಶ್ಯಗಳ ಸರಣಿಯಾಗಿ ಹೇಳಬೇಕೆಂಬ ಯೋಜನೆ ಅವನ ತಲೆಯಲ್ಲಿತ್ತು. ಅದು ಮೊಗಲ್ ದರ್ಬಾರಿನ ಮುಂದೆ ವಿನಯದಿಂದ ನಿಂತ ವ್ಯಾಪಾರಿಗಳಿಂದ ಆರಂಭವಾಗಿ, ಆನೆ ಏರಿದ ರಾಜಕುಮಾರನಲ್ಲಿ ಮುಗಿಯಬೇಕಿತ್ತು. ಸರಣಿ ಪೂರ್ಣವಾಗಲಿಲ್ಲ. ಕೊನೆಯ ಪುಟವೊಂದೇ ಕೋಲ್ಕತ್ತದಲ್ಲಿ, ಹಿಂದಿನ ಪುಟಗಳಿಲ್ಲದೆ, ಸ್ತುತಿಯಂತೆ ನಿಂತುಬಿಟ್ಟಿದೆ.

[ಪರದೆಯ ಮೇಲೆ: ಫಿರಂಗಿಗಳ ಚಿತ್ರದ ಮುದ್ರಿತ ಪ್ರತಿ]

ಎರಡನೆಯ ಬಾರಿ, 1882–83ರಲ್ಲಿ, ಭಾರತಕ್ಕೆ ಬಂದು ಹೋದ ಮೇಲೆ ಬರೆದದ್ದು ಈ ಚಿತ್ರ. ನಮಗೆ ಇದು ಮುದ್ರಿತ ಪ್ರತಿಗಳಿಂದಲೇ ಪರಿಚಿತ. ಬಿಳಿ ಬಟ್ಟೆಯ, ಗಡ್ಡದ ಮುದುಕರನ್ನು ಸಾಲು ಫಿರಂಗಿಗಳ ಬಾಯಿಗೆ ಬೆನ್ನು ಕೊಟ್ಟು ಕಟ್ಟಲಾಗಿದೆ. ಪಕ್ಕದಲ್ಲಿ ಸೈನಿಕರು ನೆಟ್ಟಗೆ ನಿಂತಿದ್ದಾರೆ. ಶೀರ್ಷಿಕೆ 1857ರ ದಂಗೆಯನ್ನು ಹೆಸರಿಸುತ್ತದೆ, ಆದರೆ ಸೈನಿಕರ ಸಮವಸ್ತ್ರ ಚಿತ್ರ ಬರೆದ ಕಾಲದ್ದು. ಕಣ್ಣಾರೆ ಕಂಡದ್ದನ್ನೇ ಬರೆಯುವೆನೆಂದವನು ಇಲ್ಲಿ ಕಾಣದ್ದನ್ನು ಬರೆದಿದ್ದಾನೆ ಎಂಬ ಟೀಕೆ ಸುಳ್ಳಲ್ಲ. ಆದರೆ 1872ರ ಜನವರಿಯಲ್ಲಿ, ಅಂದರೆ ಅವನು ಮೊದಲ ಸಲ ಭಾರತಕ್ಕೆ ಬರುವ ಎರಡು ವರ್ಷ ಮೊದಲು, ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಕೂಕಾ ಪಂಥದ 60ಕ್ಕೂ ಹೆಚ್ಚು ಸಿಖ್ಖರನ್ನು ವಿಚಾರಣೆಯ ಶಾಸ್ತ್ರವನ್ನೂ ಪೂರ್ತಿ ಮಾಡದೆ ಇದೇ ರೀತಿಯಲ್ಲಿ ಕೊಲ್ಲಲಾಗಿತ್ತು. ಅದಕ್ಕೆ ಆಜ್ಞೆಯಿತ್ತ ಅಧಿಕಾರಿ ಕೋವನ್ನನನ್ನು ಸರ್ಕಾರವೇ ಕೆಲಸದಿಂದ ತೆಗೆದುಹಾಕಿತ್ತು. ಹೀಗಾಗಿ, ಇದು ಹಳೆಯ ಮಾತು, ಈಗ ನಡೆಯುವುದಿಲ್ಲ ಎಂದು ಲಂಡನ್ನಿನಲ್ಲಿ 1887ರಲ್ಲಿ ಚಿತ್ರ ನೋಡಿದವರು ಸಿಡುಕಿದಾಗ, ಆ "ಹಳೆಯ ಮಾತಿ"ಗೆ ಆಗಿದ್ದ ವಯಸ್ಸು ಹದಿನೈದೇ ವರ್ಷ. ಇಂಗ್ಲಿಷರನ್ನು ಮಾತ್ರ ಅವನು ಗುರಿಮಾಡಿದ್ದನೆಂದೂ ಅಲ್ಲ: ಇದರ ಜೊತೆಯಲ್ಲೇ ತೂಗುಬಿದ್ದಿದ್ದ ಇನ್ನೊಂದು ಚಿತ್ರದಲ್ಲಿ ಹಿಮ ಸುರಿಯುವ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತ್ಸಾರನ ಸರ್ಕಾರ ಕ್ರಾಂತಿಕಾರಿಗಳನ್ನು ಗಲ್ಲಿಗೇರಿಸುತ್ತಿತ್ತು.

ಈ ಎರಡು ಭಾರತ ಪ್ರವಾಸಗಳ ನಡುವೆ ಅವನನ್ನು ಒಳಗಿನಿಂದ ಮುರಿದ ಇನ್ನೊಂದು ಯುದ್ಧ ನಡೆದಿತ್ತು. 1877ರಲ್ಲಿ ರಷ್ಯ ಮತ್ತು ತುರ್ಕಿಗಳ ನಡುವೆ ಯುದ್ಧ ಆರಂಭವಾದಾಗ ಡ್ಯಾನ್ಯೂಬ್ ನದಿಯಲ್ಲಿ ಸಣ್ಣ ದೋಣಿಯೊಂದರಲ್ಲಿದ್ದ ವೆರೆಶ್ಚಾಗಿನ್‌ನ ತೊಡೆಗೆ ಗುಂಡು ತಗುಲಿತು. ಪ್ಲೆವ್ನಾದ ಮುತ್ತಿಗೆಯಲ್ಲಿ ತಮ್ಮ ಸೆರ್ಗೆಯ್ ಸತ್ತನು, ಇನ್ನೊಬ್ಬ ತಮ್ಮ ಗಾಯಗೊಂಡನು. ಹೆಣಗಳಿಂದ ತುಂಬಿದ್ದ ಆ ಬಯಲಿನಲ್ಲಿ ಅವನು ತಮ್ಮನ ದೇಹವನ್ನು ಹುಡುಕಿ ಅಲೆದನು.

ಅನಂತರ ಬರೆದ "ಶಿಪ್ಕಾದಲ್ಲಿ ಸ್ಕೋಬೆಲೆವ್" ಎಂಬ ಚಿತ್ರದಲ್ಲಿ ಗೆದ್ದ ಸೇನಾಪತಿ ಬಿಳಿಯ ಕುದುರೆಯ ಮೇಲೆ ಧಾವಿಸುತ್ತಿದ್ದಾನೆ, ಸೈನಿಕರು ಟೋಪಿಗಳನ್ನು ಗಾಳಿಗೆ ಎಸೆಯುತ್ತಿದ್ದಾರೆ, ಆದರೆ ಅವರೆಲ್ಲ ದೂರದಲ್ಲಿ, ಬೆರಳಿನಷ್ಟು ಗಾತ್ರದಲ್ಲಿದ್ದಾರೆ. ನಮ್ಮ ಕಾಲ ಬುಡದಲ್ಲಿ, ಚಿತ್ರದ ಮುಂಭಾಗದಲ್ಲಿ, ಹಿಮದ ಮೇಲೆ ಸತ್ತವರು ಬಿದ್ದಿದ್ದಾರೆ. ಸ್ಕೋಬೆಲೆವ್ ಅವನ ಗೆಳೆಯನಾಗಿದ್ದನೆಂಬುದನ್ನು ನೆನಪಿಟ್ಟುಕೊಂಡು ಈ ಚಿತ್ರವನ್ನು ನೋಡಬೇಕು. "ಸೋತವರು" ಎಂಬ ಇನ್ನೊಂದು ಚಿತ್ರದಲ್ಲಿ ಹಳದಿ ಹುಲ್ಲಿನ ಬಯಲಿನೆದುರು ಒಬ್ಬ ಪಾದ್ರಿ, ಒಬ್ಬ ಸೈನಿಕ, ಇಬ್ಬರೇ ನಿಂತು ಪ್ರಾರ್ಥಿಸುತ್ತಿದ್ದಾರೆ. ಕಣ್ಣು ಒಗ್ಗಿದ ಮೇಲಷ್ಟೇ ಹುಲ್ಲಿನ ನಡುವೆ ಉದ್ದಕ್ಕೂ ಬೆತ್ತಲೆ ಹೆಣಗಳಿರುವುದು ಗೊತ್ತಾಗುತ್ತದೆ. ಇದೆಲ್ಲ ಕಟ್ಟುಕಥೆಯೆಂದು ಕೆಲವರು ಆರೋಪಿಸಿದಾಗ, ಆ ಪಾದ್ರಿಯೇ ಪ್ರದರ್ಶನಕ್ಕೆ ಬಂದು, ನಡೆದದ್ದು ಹೀಗೆಯೇ ಎಂದು ಕಣ್ಣೀರಿಟ್ಟನೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ಯುರೋಪಿನ ದೊಡ್ಡ ನಗರಗಳಲ್ಲಿ, ಅಮೆರಿಕದಲ್ಲಿ ಅವನ ಪ್ರದರ್ಶನಗಳಿಗೆ ಜನ ನೂಕುನುಗ್ಗಲಾಗಿ ಬಂದರು. ಕತ್ತಲು ಮಾಡಿದ ಕೋಣೆಯಲ್ಲಿ ವಿದ್ಯುದ್ದೀಪದ ಬೆಳಕು, ಗೋಡೆಗೆ ಏಷ್ಯದ ರತ್ನಗಂಬಳಿಗಳು, ಮರೆಯಿಂದ ಕೇಳಿಬರುವ ಸಂಗೀತ: ಆ ಕಾಲಕ್ಕೆ ಇದು ಹೊಸ ಬಗೆಯ ಏರ್ಪಾಡು. ಕೊಂಚ ನಾಟಕೀಯವೆಂದು ಮೂಗು ಮುರಿದವರೂ ಇದ್ದರು, ನನಗೂ ಆ ಮಾತು ಪೂರ್ತಿ ತಪ್ಪೆನಿಸುವುದಿಲ್ಲ. ಮುಂದೆ 1812ರ ನೆಪೋಲಿಯನ್ನನ ಮಾಸ್ಕೋ ದಂಡಯಾತ್ರೆಯ ಮೇಲೆ ಅವನು ವರ್ಷಗಟ್ಟಲೆ ದುಡಿದನಾದರೂ, ಕಾಣದ ಕಾಲವನ್ನು ಕಲ್ಪಿಸಿಕೊಂಡು ಬರೆದ ಆ ಚಿತ್ರಗಳಲ್ಲಿ ಮೊದಲಿನ ಕಸುವಿಲ್ಲ.

1904ರಲ್ಲಿ ರಷ್ಯ ಮತ್ತು ಜಪಾನ್ ನಡುವೆ ಯುದ್ಧ ಶುರುವಾದಾಗ ಅವನಿಗೆ 61 ವರ್ಷ. ಹಿಂದಿನ ವರ್ಷವಷ್ಟೇ ಜಪಾನಿಗೆ ಹೋಗಿ, ಅಲ್ಲಿನ ದೇವಾಲಯಗಳನ್ನು ಚಿತ್ರಿಸಿ ಬಂದಿದ್ದವನು ಈಗ ಪೋರ್ಟ್ ಆರ್ಥರ್ ಬಂದರಿಗೆ ಹೊರಟನು. ಏಪ್ರಿಲ್ 13ರಂದು ಅಡ್ಮಿರಲ್ ಮಕಾರೊವ್‌ನ ಜೊತೆ ಅವನಿದ್ದ "ಪೆತ್ರೊಪಾವ್ಲೊವ್ಸ್ಕ್" ಎಂಬ ಯುದ್ಧನೌಕೆ ಜಪಾನಿಯರು ನೀರಿನಲ್ಲಿ ಹುದುಗಿಸಿಟ್ಟಿದ್ದ ಸ್ಫೋಟಕಕ್ಕೆ ತಗುಲಿ, ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅಡ್ಮಿರಲ್ ಸಹಿತ 600ಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದವರ ಹೇಳಿಕೆಯಂತೆ, ಸ್ಫೋಟಕ್ಕೆ ಸ್ವಲ್ಪ ಮುಂಚೆ ವೆರೆಶ್ಚಾಗಿನ್ ಹಡಗಿನ ಮೇಲ್ಗಟ್ಟೆಯಲ್ಲಿ ನಿಂತು, ಎದುರಿಗೆ ಕಾಣುತ್ತಿದ್ದ ಸಮುದ್ರವನ್ನು ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದನು.