ನೀರಿನ ಅಂಚಿಗೆ ಟೆಂಟ್ ಬೇಡ ಅಂದ್ರೆ ಬೇಡ!

ನಮಸ್ಕಾರ ಎಲ್ರಿಗೂ. ಟೆಕ್ಸಾಸ್‌ನ ಗಾರ್ನರ್ ಸ್ಟೇಟ್ ಪಾರ್ಕ್ ಬಗ್ಗೆ ಮಾಡಿದ ವಿಡಿಯೋಗೆ ಒಂದು ಕಾಮೆಂಟ್ ಬಂದಿದೆ. "ಟೆಂಟಿಂದ ಕಾಲಿಟ್ರೆ ನೀರು ಸಿಗೋ ಸೈಟ್ ಯಾವುದು ಅಂತ ಹೇಳಿ ಸಾಕು, ಪಾಠ ಬೇಡ." ಆ ಸೈಟ್ ನಂಬರ್ ಹೇಳಲ್ಲ. ಇವತ್ತು ಪೂರ್ತಿ ಪಾಠಾನೇ.

ಗಾರ್ನರ್ ಎಂಥ ಜಾಗ ಅಂತ ನಂಗೂ ಗೊತ್ತು. 1941ರಿಂದ ನಡೀತಿರೋ ಪಾರ್ಕು. ತಿಳಿನೀರಿನ ಫ್ರಿಯೋ ನದಿ, ದಡದಲ್ಲಿ ದೈತ್ಯ ಸೈಪ್ರೆಸ್ ಮರಗಳು, ಬೇಸಿಗೆ ರಾತ್ರಿ ಜ್ಯೂಕ್‌ಬಾಕ್ಸ್ ಹಾಕಿ ಕುಣಿತ. ಸ್ಯಾನ್ ಆಂಟೋನಿಯೋ, ಆಸ್ಟಿನ್ ಕಡೆ ಇರೋ ಕನ್ನಡದವರು ಬುಕಿಂಗ್ 5 ತಿಂಗಳು ಮೊದಲೇ ತೆರೆಯುತ್ತೆ ಅಂತ ನೆನಪಿಟ್ಕೊಂಡು ಕೂರಬೇಕು, ಅಷ್ಟು ರಶ್ಶು. ಹಂಗೆ ಕಷ್ಟಪಟ್ಟು ಸಿಕ್ಕಿದ ಸೈಟಿಗೆ ಹೋಗಿ, ಗುರುತು ಮಾಡಿದ ಜಾಗ ಬಿಟ್ಟು, ಟೆಂಟನ್ನ ನೀರಿನ ಅಂಚಿಗೆ ಎಳ್ಕೊಂಡು ಹೋಗ್ತಾರಲ್ಲ! ಹಾಕ್ಬೇಡಿ ರೀ ಅಲ್ಲಿ.

ಯಾಕೆ ಅಂದ್ರೆ, ಪಾರ್ಕಿನ ಸುತ್ತಲಿನ ಗುಡ್ಡಗಳಲ್ಲಿ ಮೇಲ್ಮಣ್ಣು ತೆಳು, ಅದರಡಿ ಬರೀ ಸುಣ್ಣಕಲ್ಲು. ಜೋರು ಮಳೆ ಇಂಗೋದೇ ಇಲ್ಲ, ಜಾರಿ ನೇರವಾಗಿ ಹೊಳೆಗೆ ಬರುತ್ತೆ. ಮೆಕ್ಸಿಕೋ ಕೊಲ್ಲಿ ಕಡೆಯ ತೇವದ ಗಾಳಿ ಇದೇ ಗುಡ್ಡಸಾಲಿಗೆ ಬಡಿದು, ಮೇಲೇರಿ ಸುರಿಯುತ್ತೆ. ಈ ಸೀಮೆಗೆ ಫ್ಲ್ಯಾಶ್ ಫ್ಲಡ್ ಆಲಿ, ಅಂದ್ರೆ ದಿಢೀರ್ ನೆರೆಯ ಓಣಿ ಅಂತಾನೇ ಕರೀತಾರೆ. 2025ರ ಜುಲೈ 4ರ ನಸುಕಲ್ಲಿ, ಇದೇ ಗುಡ್ಡಸೀಮೆಯ ಗ್ವಾಡಲೂಪ್ ನದಿ ಸುಮಾರು 45 ನಿಮಿಷದಲ್ಲಿ 26 ಅಡಿ ಏರಿತು. 100ಕ್ಕೂ ಹೆಚ್ಚು ಜನ ತೀರಿಕೊಂಡರು. ಮಕ್ಕಳ ಕ್ಯಾಂಪಲ್ಲಿ ಮಲಗಿದ್ದ ಪುಟ್ಟ ಹೆಣ್ಣುಮಕ್ಕಳೂ ಅದರಲ್ಲಿದ್ದರು. ಇನ್ನೂ ಪಾಠ ಬೇಡ ಅಂತೀರಾ?

"ಆಕಾಶ ನೀಲಿಯಾಗೇ ಇತ್ತಲ್ಲ" ಅಂತಾರೆ. ನಿಮ್ಮ ತಲೆ ಮೇಲಿನ ಆಕಾಶ ಕಟ್ಕೊಂಡು ಏನು ಮಾಡೋದು ಸ್ವಾಮಿ? ಮಳೆ ನದಿಯ ಮೇಲುಗಡೆ ಇರೋ ಲೇಕಿ ಊರಿನ ಗುಡ್ಡದಲ್ಲಿ ಬಿದ್ದರೆ, ನೀರು ನಿಮ್ಮತ್ರಾನೇ ಬರೋದು. ಇನ್ನೊಬ್ಬರು, "ಫೋನಿಗೆ ಅಲರ್ಟ್ ಬರುತ್ತೆ" ಅಂತ. ಆ ಕಣಿವೇಲಿ ಸಿಗ್ನಲ್ ಸಿಗೋದೇ ಕಷ್ಟ, ಅಲರ್ಟ್ ಎಲ್ಲಿಂದ ಬರುತ್ತೆ? ಅಲಾರಂ ಇರೋ ನೋವಾ ವೆದರ್ ರೇಡಿಯೋ, ಅಂದ್ರೆ ಅಮೆರಿಕ ಸರ್ಕಾರದ ಹವಾಮಾನ ಎಚ್ಚರಿಕೆ ಕೇಳಿಸೋ ರೇಡಿಯೋ ತಗೊಳ್ಳಿ. ಮನೆಯಲ್ಲೇ ಬ್ಯಾಟರಿ ಹಾಕಿ ನೋಡಿ. 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಏಳು ಚಾನೆಲ್ ಇವೆ, ಅಲ್ಲಿಗೆ ಹೋದ ಮೇಲೆ ಅದರಲ್ಲಿ ಸ್ಪಷ್ಟವಾಗಿ ಕೇಳೋದಕ್ಕೆ ಇಟ್ಟು, ಅಲರ್ಟ್ ಆನ್ ಮಾಡಿ ದಿಂಬಿನ ಪಕ್ಕ ಇಟ್ಕೊಳ್ಳಿ. ವಾಚ್ ಅಂದ್ರೆ ಪ್ರವಾಹ ಬರೋ ಲಕ್ಷಣ ಇದೆ ಅಂತ, ವಾರ್ನಿಂಗ್ ಅಂದ್ರೆ ಬಂದೇಬಿಟ್ಟಿದೆ, ಇಲ್ಲಾ ಈಗಲೋ ಆಗಲೋ ಬರುತ್ತೆ ಅಂತ. ವಾರ್ನಿಂಗ್ ಬಂದ್ರೆ ಟೆಂಟ್ ಮಡಚ್ತಾ ಕೂರಬೇಡಿ. ಮಕ್ಕಳನ್ನ ಎತ್ಕೊಂಡು ಗುಡ್ಡದ ಕಡೆ ನಡೀರಿ.

ನಡೀರಿ ಅಂದೆ, ಕಾರ್ ಹತ್ತಿ ನೀರು ಹರೀತಿರೋ ಸೇತುವೆ ದಾಟಿ ಅನ್ನಲಿಲ್ಲ. ಅಲ್ಲಿ ರಸ್ತೆಗಳು ತಗ್ಗು ಸೇತುವೆ ಮೇಲೇ ಹೊಳೆ ದಾಟ್ತವೆ. ರಭಸದ ನೀರು 6 ಇಂಚು ಇದ್ರೆ ದೊಡ್ಡವರನ್ನೇ ಬೀಳಿಸುತ್ತೆ, 12 ಇಂಚಿಗೆ ಸಣ್ಣ ಕಾರು ಕೊಚ್ಚಿಹೋಗುತ್ತೆ, 2 ಅಡಿಗೆ ಎಸ್‌ಯುವಿಯೂ ತೇಲುತ್ತೆ.

ಟೆಂಟ್ ಬಿಚ್ಚೋಕೆ ಮುಂಚೆ ಒಂದ್ಸಲ ತಲೆ ಎತ್ತಿ ಮರ ನೋಡಿ. ಕೊಂಬೆಗಳಲ್ಲಿ ಒಣಹುಲ್ಲು, ಕಡ್ಡಿ, ಕಸ ಸಿಕ್ಕಾಕ್ಕೊಂಡಿದ್ರೆ ಹಿಂದಿನ ನೆರೆ ಅಲ್ಲಿವರೆಗೂ ಬಂದಿತ್ತು ಅಂತ ಅರ್ಥ. ಅದರ ಕೆಳಗೆ ಮಲಗ್ತೀರಾ? ರಾತ್ರಿ ಹೊಳೆ ಸದ್ದು ಬದಲಾದ್ರೆ, ತಿಳಿನೀರು ಕೆಂಪಗಾದ್ರೆ, ಎಲೆ ಕಡ್ಡಿ ಗುಂಪುಗುಂಪಾಗಿ ತೇಲಿ ಬಂದ್ರೆ, ಯಾರೂ ಹೇಳೋವರೆಗೂ ಕಾಯಬೇಡಿ.

ಸರಿ, ನೆರೆ ಬರಲ್ಲ ಅಂತಾನೇ ಇಟ್ಕೊಳ್ಳಿ. ಆಗಲೂ ಅಂಚು ಬೇಡ! ರಾತ್ರಿ ತಣ್ಣನೆ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತೆ, ನೀರಿನ ತೇವ ಬೇರೆ. ಬೆಳಿಗ್ಗೆ ರೇನ್‌ಫ್ಲೈ, ಅಂದ್ರೆ ಟೆಂಟಿನ ಮೇಲಿನ ಮಳೆ ಹೊದಿಕೆ, ಒಳಗಡೆ ತೊಟ್ಟಿಕ್ಕುತ್ತೆ, ಸ್ಲೀಪಿಂಗ್ ಬ್ಯಾಗ್ ಒದ್ದೆ. ಟೆಂಟ್ ಜೊತೆ ಬರೋ ತೆಳ್ಳನೆ ಅಲ್ಯೂಮಿನಿಯಂ ಗೂಟ ಆ ನುರುಜುಗಲ್ಲಲ್ಲಿ ಬಾಗಿಹೋಗುತ್ತೆ. 10 ಇಂಚಿನ ಉಕ್ಕಿನ ಮೊಳೆಗೂಟ, ಒಂದು ಸುತ್ತಿಗೆ ಒಯ್ಯಿರಿ. ಕೆಳಗೆ ಹಾಸೋ ಟಾರ್ಪಾಲು ಟೆಂಟಿನ ತಳಕ್ಕಿಂತ ಎಲ್ಲಾ ಕಡೆ ಎರಡು ಇಂಚು ಚಿಕ್ಕದಿರಲಿ. ಹೊರಗೆ ಚಾಚಿದ್ರೆ ಮಳೆನೀರು ಟೆಂಟಿನ ಅಡಿಗೇ ಹೋಗಿ ನಿಲ್ಲುತ್ತೆ. ತಿಂಡಿ ಕಾರೊಳಗಿರಲಿ, ರಕೂನ್ ಅನ್ನೋ ಅಲ್ಲಿನ ಕಾಡುಪ್ರಾಣಿಗಳು ಜಿಪ್ ತೆಗೆಯೋದ್ರಲ್ಲಿ ನಿಸ್ಸೀಮರು. ಇದೆಲ್ಲಾ ಬರೆದಿರೋ ಪಟ್ಟಿ ಡಿಸ್ಕ್ರಿಪ್ಶನ್ನಲ್ಲಿದೆ, ಪ್ರಿಂಟ್ ತಗೊಳ್ಳಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡದೇ ಇರೋರು ಈಗಲೇ ಮಾಡಿ, ಮುಂದಿನದು ಮಕ್ಕಳ ಲೈಫ್ ಜಾಕೆಟ್ ಅಳತೆ ಬಗ್ಗೆ.

"ಪಾರ್ಕಿನವರೇ ನದಿ ಹತ್ರ ಸೈಟ್ ಕೊಡ್ತಾರಲ್ಲ" ಅಂತ ಬರೆಯೋಕೆ ಕೂತಿದ್ದೀರಿ ತಾನೇ? ಕೊಡ್ತಾರೆ. ಕೊಟ್ರೆ ತಗೋಬೇಕಾ? ಹಗಲೆಲ್ಲಾ ನೀರಲ್ಲೇ ಇರಿ, ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ, ಯಾರು ಬೇಡ ಅಂದ್ರು? ಮಲಗೋದು ಮಾತ್ರ ಮೇಲೆ. ಮೇಲೆ ಅಂದ್ರೆ ಮೇಲೆ! ನೋಟ ಸಿಗಲ್ಲ ಅಂತೀರಾ, ಕಣ್ಣು ಮುಚ್ಚಿ ಮಲಗಿದ ಮೇಲೆ ಯಾವ ನೋಟ ರೀ? ಕಾಮೆಂಟ್ ಆಮೇಲೆ ಬರೀರಿ, ಮೊದಲು ಬುಕಿಂಗ್ ನಕ್ಷೆ ತೆಗೆದು ನಿಮ್ಮ ಸೈಟಿಂದ ನದಿ ಎಷ್ಟು ದೂರ ಅಂತ ನೋಡಿ.